ಅಕ್ಕಲಕೋಟದ ಲೈನಿನ ಸದ್ದು

ಹುರಿದ ಶೇಂಗಾದ ಸಿಪ್ಪೆ ಊದಿ ಊದಿ ಕುಮುದಿನಿಯ ಬಾಯಿ ಒಣಗಿತ್ತು. ಮೊರದಲ್ಲಿದ್ದ ಸಿಪ್ಪೆಯೆಲ್ಲ ಹಿತ್ತಲ ತುಂಬ ಹಾರಿಹೋಯಿತು, ನಿನ್ನೆ ಸಂಜೆ ಶಿವಶರಣಪ್ಪನವರು ಫೋನಿಡುವ ಮೊದಲು ಹೇಳಿದ ಒಂದು ಮಾತು ಮಾತ್ರ ಹಾರಲೊಲ್ಲದು. ಸಂಬಂಧ ಬೇಡ ಅಂದರು, ಇರಲಿ. ಹುಡುಗನಿಗೆ ಈಗಲೇ ಮದುವೆಯ ಮನಸ್ಸಿಲ್ಲ ಅಂದರು, ಅದೂ ಇರಲಿ. ಒಲ್ಲದ ಬೀಗರು ಎಲ್ಲ ಕಾಲಕ್ಕೂ ಆಡುವ ಮಾತು ಅದು, ಎರಡೂ ಕಡೆಯ ಮಾನ ಕಾಯುವ ಮಾತು. ಆದರೆ ಅಕ್ಕಲಕೋಟದ ಆ ಹಿರಿಯರು ಕೊನೆಗೆ ದನಿ ಇಳಿಸಿ, “ಮಗಳ ತಬ್ಯೇತ ನೋಡ್ಕೋರಿ ಬಾಯಾರ,” ಅಂದುಬಿಟ್ಟರು. ಕೊಂಕಿನ ದನಿಯಲ್ಲ, ಕನಿಕರದ ದನಿ. ಅದೇ ಉರಿಸಿದ್ದು. ಪೂರ್ವಾಳ ಆರೋಗ್ಯಕ್ಕೆ ಏನೋ ಆಗಿದೆ ಅಂತ ಇವರಿಗೆ ಹೇಳಿದವರು ಯಾರು? ಹುಡುಗಿ ನೋಡಲು ಬಂದ ದಿನ ಅವಳು ಚೆಂದಗೆ ಸೀರೆ ಉಟ್ಟು, ಅವಲಕ್ಕಿ ತಟ್ಟೆ ಹಿಡಿದು ಬಂದು, ಅವರ ಮಗ ರೋಹನ ಕೇಳಿದ್ದಕ್ಕೆಲ್ಲ ನಗುತ್ತ ಉತ್ತರ ಕೊಟ್ಟಿದ್ದಳು. ಸಣ್ಣವಳಿದ್ದಾಗ ಸಾಲೆಯ ಅಂಗಳದಲ್ಲಿ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದದ್ದು, ಆಮೇಲೆ ಮನೆಯಲ್ಲಿ ಮತ್ತೆ ಬಂದದ್ದು, ಆಮೇಲೆ ದಿನವೂ ಮಾತ್ರೆ, ಆ ಮಾತ್ರೆಯ ಪುಣ್ಯದಿಂದ ಈಗ ಎಷ್ಟೋ ವರ್ಷಗಳಿಂದ ಏನೂ ಇಲ್ಲದಿರುವುದು, ಇದೆಲ್ಲ ಮನೆಯವರಿಗೆ, ಔಷಧ ಕೊಡುವ ಡಾಕ್ಟರರಿಗೆ ಮತ್ತು ಅಕ್ಕಲಕೋಟದಲ್ಲಿರುವ ಅಕ್ಕ ಗುರುಲಿಂಗಮ್ಮನಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಸಂಬಂಧ ತಂದವಳು ಅಕ್ಕ. ಮದುವೆಯಾದ ಮೇಲೆ ಹೇಳಿದರಾಯಿತು ಅಂದವಳೂ ಅವಳೇ. ಗುಟ್ಟು ಹೊರಬಿದ್ದ ಮೇಲೆ ಮುಚ್ಚಿದ್ದು ಅಕ್ಕಲಕೋಟದ ಬರೀ ಒಂದು ಮನೆಯ ಬಾಗಿಲಲ್ಲ. ಇನ್ನು ಪೂರ್ವಾಳನ್ನು ನೋಡಲು ಆ ದಿಕ್ಕಿನಿಂದ ಯಾರೂ ಬರುವುದಿಲ್ಲ. ಕುಮುದಿನಿ ಶೇಂಗಾವನ್ನು ಒಳಕಲ್ಲಿಗೆ ಸುರಿದು, ಖಾರದ ಪುಡಿ, ಬೆಳ್ಳುಳ್ಳಿ ಹಾಕಿ ಕುಟ್ಟತೊಡಗಿದಳು.

“ಯಾರ ಮುಂದ ಬಾಯಿ ಬಿಟ್ಟಿ?” ಅಂತ ಗಂಡ ಪಂಢರಿನಾಥ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಕೇಳಿದ್ದ. ಯಾರು ಹೇಳಿರಬಹುದು ಅಂತ ಕೇಳಲಿಲ್ಲ. ಬಾಯಿ ಅವಳದೇ ಅಂತ ಮೊದಲೇ ತೀರ್ಮಾನವಾಗಿತ್ತು. ಬೂಟಿನ ಲೇಸು ಕಟ್ಟುತ್ತ, ತಲೆ ಎತ್ತದೆ ಕೇಳಿದ. “ಅಕ್ಕನ ಕೂಡ ಬಿಟ್ರ ಯಾರ ಕೂಡನೂ ಮಾತಾಡಿಲ್ರಿ,” ಅಂದಳು. “ಫೋನಿನ್ಯಾಗ?” “ಹೂಂ, ಕನ್ನಡದಾಗನ.” ಅದನ್ನು ಕೇಳಿ ಅವನು ಎದ್ದು ಹೊರಟ, ಯಾಕೆಂದರೆ ಕನ್ನಡ ಈ ಮನೆಯ ಬಾಗಿಲಿಗೆ ಹಾಕುವ ಕೀಲಿ, ಅದನ್ನು ಹಾಕಿ ನೋಡಿ ಗಟ್ಟಿಯಿದೆ ಅಂತ ಹೇಳಿದವನು ಅವನೇ. ಸೊಲ್ಲಾಪುರದ ಪೇಟೆಯಲ್ಲಿ ಆ ಕೀಲಿ ನಡೆಯದು. ಮಂಗಳವಾರ ಪೇಟೆಯ ಅಂಗಡಿಕಾರರಿಗೆ ಕನ್ನಡ, ತೆಲುಗು, ಮರಾಠಿ ಮೂರೂ ಒಂದೇ ನಾಲಿಗೆಯ ಮೇಲಿವೆ. ಸೀರೆಯ ಬಣ್ಣ ಒಗ್ಗಲಿಲ್ಲ ಅಂತ ಗಂಡನ ಕಿವಿಯಲ್ಲಿ ಗುಸುಗುಟ್ಟಿದರೆ ಅಂಗಡಿಯವನೇ ಕನ್ನಡದಲ್ಲಿ ಸಮಾಧಾನ ಮಾಡಿ ಇನ್ನೊಂದು ತೆಗೆಯುತ್ತಾನೆ. ಆದರೆ ಸೊಲ್ಲಾಪುರದ ಹೊರಗೆ, ವಿಜಾಪುರ ರಸ್ತೆಯ ಈ ಹೊಸ ಕಾಲನಿಗೆ ಬಂದವರು ಬಾರ್ಶಿ, ಪಂಢರಪುರ, ಕುರ್ಡುವಾಡಿ ಕಡೆಯ ಮರಾಠಿ ನೌಕರಿ ಜನ. ಇಲ್ಲಿ ಕನ್ನಡ ಮಾತಾಡಿದರೆ ಬಾಗಿಲು ಹಾಕಿಕೊಂಡಂತೆ. ಬಂದವರನ್ನು ಮರಾಠಿಯಲ್ಲಿ ಉಪಚರಿಸುತ್ತ, ಅವರೆದುರಿಗೇ ನಡುನಡುವೆ ಕನ್ನಡದಲ್ಲಿ ತಮ್ಮ ಮಾತು ತಾವು ಆಡಿಕೊಳ್ಳುವುದು ಅತ್ತೆಯ ಕಾಲದಿಂದ ಬಂದ ರೂಢಿ. ಮಕ್ಕಳು ಮಾತ್ರ ಆ ಕೀಲಿ ಮುಟ್ಟುತ್ತಿರಲಿಲ್ಲ. ತಾಯಿ ಕನ್ನಡದಲ್ಲಿ ಕೇಳಿದರೆ ಅವರು ಮರಾಠಿಯಲ್ಲಿ ಉತ್ತರ ಕೊಡುವವರು. ಪೂರ್ವಾಳಂತೂ ಕನ್ನಡ ಮರೆತೇಬಿಟ್ಟಿದ್ದಾಳೆ ಅಂತ ಕುಮುದಿನಿ ಅಕ್ಕನ ಮುಂದೆ ಎಷ್ಟೋ ಸಲ ಹಲುಬಿದ್ದಳು.

ಗಂಡ ಅತ್ತ ಹೋದ ಮೇಲೆ ಮಗ ತುಷಾರ ಒಂದು ಹೊಸ ಸಂಶಯ ತಂದಿಟ್ಟ. ಅವನು ಕಾಲೇಜಿಗಿಂತ ಕಂಪ್ಯೂಟರ್ ಕ್ಲಾಸಿಗೇ ಹೆಚ್ಚು ಹೋಗುವ ಹುಡುಗ. ಅಲ್ಲಿ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕಂತೆ. ಹೊರಗಿನ ಫ್ಲಾಪಿ ಒಳಗೆ ತರಬಾರದಂತೆ, ಒಂದರ ವೈರಸ್ಸು ಇನ್ನೊಂದಕ್ಕೆ ಹತ್ತುತ್ತದಂತೆ. ಯಂತ್ರಕ್ಕೂ ಮಡಿ ಬೇಕು ಅಂತ ಈ ಕಾಲದವರಿಗಾದರೂ ತಿಳಿಯಿತಲ್ಲ ಅಂತ ಕುಮುದಿನಿ ಆಗ ಮೆಚ್ಚಿಕೊಂಡಿದ್ದಳು. ಇವತ್ತು ಅವನು ಕಾರ್ಡ್‌ಲೆಸ್ ಫೋನನ್ನು ಬೋರಲು ಹಾಕಿ, ಬೆನ್ನಿನ ಮುಚ್ಚಳ ತೆಗೆದು, ಒಳಗಿನ ಚಿಕ್ಕ ಚಿಕ್ಕ ಸ್ವಿಚ್ಚುಗಳನ್ನು ತೋರಿಸುತ್ತ ಮರಾಠಿಯಲ್ಲಿ ಪಾಠ ಮಾಡಿದ. ತಂತಿಯಿಲ್ಲದ ಮಾತು ಮನೆಯೊಳಗೇ ನಿಲ್ಲುವುದಿಲ್ಲ, ಸುತ್ತಲಿನ ಗಾಳಿಯಲ್ಲೆಲ್ಲ ಹರಡುತ್ತದೆ. ಇಂಥದೇ ಇನ್ನೊಂದು ಫೋನು ಹತ್ತಿರದಲ್ಲಿದ್ದರೆ, ಅದನ್ನು ಎತ್ತಿದವರಿಗೆ ಇಲ್ಲಿಯದೆಲ್ಲ ಕೇಳಿಸುತ್ತದೆ. ಕಾರ್ಖಾನೆಯಿಂದ ಬರುವಾಗ ಎಲ್ಲದರ ಸ್ವಿಚ್ಚೂ ಒಂದೇ ಕಡೆಗಿರುತ್ತವೆ, ತಂದ ದಿನವೇ ಬದಲಿಸಬೇಕು, ಯಾರೂ ಬದಲಿಸುವುದಿಲ್ಲ. ಸಂಜೆ ಬಂದು ಸರಿಮಾಡುತ್ತೇನೆ, ಅಲ್ಲಿಯ ತನಕ ಏನೂ ಮಾತಾಡಬೇಡ ಅಂತ ಹೇಳಿ ಸೈಕಲ್ಲು ಹತ್ತಿದ. ಇದುವರೆಗೆ ಕುಮುದಿನಿ ಮಾಡಿಕೊಂಡಿದ್ದ ಬಂದೋಬಸ್ತೆಂದರೆ ಕಿಟಕಿ ಹಾಕುವುದು, ಫೋನಿನ ಏರಿಯಲ್ ಕಡ್ಡಿ ಒಳಗೆ ತಳ್ಳುವುದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮಾತಾಡುವುದು. ಗಾಳಿಗೆ ಸೆರಗು ಯಾವ ಲೆಕ್ಕ? ಇಂಥದೇ ಇನ್ನೊಂದು ಎಲ್ಲಿದೆ ಅಂತ ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ಗೋಡೆಯ ಆಚೆ, ಭಾಗಾಬಾಯಿಯ ಮನೆಯಲ್ಲಿತ್ತು. ಕೊಡಿಸಿದವಳು ತಾನೇ.

ಎರಡೂ ಫೋನುಗಳನ್ನು ಅವರಿಬ್ಬರೂ ಒಂದೇ ರಿಕ್ಷಾದಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ನವೀ ಪೇಟೆಯ ಅಂಗಡಿಯವನು ಜೋಡಿ ಒಯ್ದರೆ ಅಗ್ಗ ಅಂದಾಗ, ಕುಮುದಿನಿ ಗೆಳತಿಯ ಕೈ ಹಿಡಿದು, ತಗೊಳ್ಳಿ ವಹಿನಿ, ಒಲೆಯ ಮುಂದೆ ನಿಂತೇ ಮಾತಾಡಬಹುದು ಅಂತ ಮರಾಠಿಯಲ್ಲಿ ಒತ್ತಾಯ ಮಾಡಿದ್ದಳು. ಭಾಗಾಬಾಯಿ ಮರಾಠಿ ಸಾಲೆಯ ಶಿಕ್ಷಕಿ, ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಯಲ್ಲಿರುವವಳು. ಗಂಡ ಕುರ್ಡುವಾಡಿಯವನು, ತವರು ಮಂಗಳವೇಢೆ ಅಂತ ಹೇಳಿದ್ದಳು. ಅವಳ ಪಡಸಾಲೆಯಲ್ಲಿ ಬುದ್ಧನ ಫೋಟೋ ಇತ್ತು. ಇಬ್ಬರದೂ ಜೋಡಿಮನೆ, ನಡುವೆ ಒಂದು ಗೋಡೆ, ಮೇಲೆ ಇಬ್ಬರಿಗೂ ಸೇರಿ ಒಂದು ನೀರಿನ ಟಾಕಿ. ಕುಮುದಿನಿ ತನ್ನನ್ನು ಹೊಸ ಕಾಲದವಳೆಂದೇ ತಿಳಿದಿದ್ದಳು. ಅತ್ತೆ ಇದ್ದಾಗ ಭಾಗಾಬಾಯಿ ಪಡಸಾಲೆ ದಾಟುತ್ತಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಕುಮುದಿನಿ ಅವಳನ್ನು ಅಡಿಗೆಮನೆಯ ಹೊಸ್ತಿಲ ತನಕ ಕರೆದು ಮಣೆ ಹಾಕಿ ಕೂಡಿಸಿದಳು, ಆಮೇಲೆ ಅದನ್ನು ಆಗಾಗ ನೆನೆದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಚಹದ ಕಪ್ಪು ಮಾತ್ರ ಅತ್ತೆಯ ಕಾಲದ್ದೇ ಉಳಿಯಿತು. ನೀಲಿ ಹೂವಿನ ಪಿಂಗಾಣಿ ಕಪ್ಪು, ಮನೆಯಲ್ಲೆಲ್ಲ ಚೆಂದದ್ದು, ಕಿಟಕಿಯ ಕಟ್ಟೆಯ ಮೇಲೆ ಒಂದೇ ಕೂತಿರುತ್ತಿತ್ತು. “ಪೂರ್ವಾ, ಆ ಹೂವಿನ ಕಪ್ಪಿನ್ಯಾಗ ಹಾಕು, ನಮ್ಮ ಸ್ಟೀಲಿನ ವಾಟಗ ಬ್ಯಾಡ,” ಅಂತ ಕನ್ನಡದಲ್ಲಿ ಹೇಳಿ, ಅದೇ ಉಸಿರಿನಲ್ಲಿ ಮರಾಠಿಗೆ ಹೊರಳಿ, ನಿಮಗಾಗೇ ಒಳ್ಳೆಯ ಕಪ್ಪು ತೆಗೆಸಿದೆ ವಹಿನಿ ಅಂತ ನಗುತ್ತಿದ್ದಳು. ಭಾಗಾಬಾಯಿಯೂ ನಗುತ್ತಿದ್ದಳು. ಕುಡಿದಾದ ಮೇಲೆ ಆ ಕಪ್ಪನ್ನು ಹೊರಗಿನ ನಳಕ್ಕೆ ಒಯ್ದು, ತಾನೇ ತೊಳೆದು, ಕಿಟಕಿಯಲ್ಲಿ ಬೋರಲು ಹಾಕುತ್ತಿದ್ದಳು. ಹಾಗೆ ಮಾಡು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ತೊಳೆಯುವವರು ಯಾರು ಅಂತ ಅತ್ತೆ ಒಮ್ಮೆ ಗೊಣಗಿದ್ದು ನಿಜ, ಆದರೆ ಗೊಣಗಿದ್ದು ಕನ್ನಡದಲ್ಲಿ. ಕುಟ್ಟುತ್ತಿದ್ದ ಕುಮುದಿನಿಯ ಕೈ ನಿಂತಿತು.

ಛೇ, ಇಲ್ಲ. ಮನಸ್ಸು ಒಮ್ಮೆ ಕೆಟ್ಟರೆ ಹಗ್ಗವೆಲ್ಲ ಹಾವು. ಆದರೂ ಬೇಡ ಬೇಡ ಅಂದಷ್ಟೂ ಒಂದೊಂದೇ ಎದ್ದು ಬಂದವು. ಮೊಳಕಾಲು ನೋವು ಅಂತ ಅಕ್ಕನ ಮುಂದೆ ಅಂದ ದಿನ ಸಂಜೆ ಭಾಗಾಬಾಯಿ ನೀಲಗಿರಿ ಎಣ್ಣೆಯ ಶೀಸೆ ತಂದಿಟ್ಟಿದ್ದಳು. ಕರಿಬೇವು ಮುಗಿದಿದೆ ಅಂದರೆ ಗೋಡೆಯ ಮೇಲೆ ಕರಿಬೇವು. ಗಂಡ ಎರಡು ದಿನದಿಂದ ಮಾತು ಬಿಟ್ಟಿದ್ದಾನೆ ಅಂತ ಅತ್ತದ್ದರ ಮರುದಿನ, ಬನ್ನಿ ಸಿದ್ಧೇಶ್ವರನ ಕೆರೆಯ ಕಡೆ ತಿರುಗಾಡಿ ಬರೋಣ ಅಂತ ಅವಳಾಗಿಯೇ ಕರೆದಿದ್ದಳು. ಮನಸ್ಸಿಗೆ ಮನಸ್ಸು ಸಾಕ್ಷಿ ಅಂತ ಕುಮುದಿನಿ ಆಗ ಕಣ್ಣು ತುಂಬಿಕೊಂಡಿದ್ದಳು. ಒಡಹುಟ್ಟಿದವಳಿಗೂ ಇಷ್ಟು ತಿಳಿಯುವುದಿಲ್ಲ, ಹೇಳದೆ ತಿಳಿದುಕೊಳ್ಳುತ್ತಾಳೆ ಅಂತ ಅಕ್ಕನಿಗೇ ಹೇಳಿದ್ದಳು, ಅದೇ ಫೋನಿನಲ್ಲಿ. ದಿನವೂ ಮಧ್ಯಾಹ್ನ ಉಂಡ ಮೇಲೆ ಅಕ್ಕನ ಕೂಡ ನಾಲ್ಕು ಮಾತು. ಮಾತು ಶುರುವಾದ ಸ್ವಲ್ಪ ಹೊತ್ತಿಗೆ ಲೈನಿನಲ್ಲಿ ಒಂದು ಸದ್ದು ಏಳುತ್ತಿತ್ತು, ಬಾಣಲೆಯಲ್ಲಿ ಎಣ್ಣೆ ಸಣ್ಣಗೆ ಕಾಯುವ ಸದ್ದಿನಂತೆ, ಮಾತು ಮುಗಿಯುವ ತನಕ ಬಿಡುತ್ತಿರಲಿಲ್ಲ. “ಅಕ್ಕಲಕೋಟದ ಲೈನಿನ ಹಣೇಬಾರನ ಇಷ್ಟ, ಹಾದ್ಯಾಗಿನ ವಳಸಂಗದಾಗ ಕಂಬ ಬಾಗ್ಯಾವ ಕಾಣ್ತದ,” ಅಂತ ಅಕ್ಕ ಕಿರಿಚುವಳು, ಇವಳೂ ಕಿರಿಚುವಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಿರಿಚುವುದು. ನೆನೆದರೆ ನಗು ಬರಬೇಕು, ಬರಲಿಲ್ಲ.

ಆದ್ದರಿಂದ ಮಧ್ಯಾಹ್ನ ಚಟ್ನಿ ಕುಟ್ಟುವ ನಡುವೆ ಅಕ್ಕನ ಫೋನು ಬಂದಾಗ ಕುಮುದಿನಿ ಮಗನ ಮಾತು ಮೀರಿ ಅದನ್ನು ಎತ್ತಿಕೊಂಡಳು. ಶಿವಶರಣಪ್ಪನವರ ಮನೆಗೆ ಹೋಗಿ ಬಂದೆ, ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು ಅಂತ ಅಕ್ಕ ಒಂದೇ ಸಮ ಹೇಳುತ್ತಿದ್ದಳು. ಕುಮುದಿನಿ ಹಿತ್ತಲ ಕಿಟಕಿಯ ಪರದೆಯ ಹಿಂದೆ ನಿಂತು ಆ ಸದ್ದಿಗಾಗಿ ಕಾದಳು. ಎಣ್ಣೆ ಕಾಯತೊಡಗಿತು. ಆಗ ಅವಳು, ತನಗೇ ತಿಳಿಯದಷ್ಟು ಸಲೀಸಾಗಿ, “ಅಕ್ಕಾ, ಅದಿರಲಿ, ಇಲ್ಲಿ ನಮ್ಮ ಟಾಕ್ಯಾಗ ಇಲಿ ಸತ್ತು ಬಿದ್ದದ,” ಅಂದಳು. “ನಿನ್ನಿಯಿಂದ ಅದ ನೀರು ಕುಡಿಲಿಕತ್ತೀವಿ. ಬಾಜೂದವ್ರಿಗೆ ಇನ್ನಾ ಹೇಳಿಲ್ಲ.” “ಅಯ್ಯ ಶಿವನ! ಹೇಳಬಾರದೇನ?” ಅಂತ ಅಕ್ಕ ಕೂಗಿದಳು. ಕುಮುದಿನಿ ಪರದೆ ಸರಿಸಿ ಗೋಡೆಯಾಚೆ ನೋಡಿದಳು. ಆಚೆಯ ಹಿತ್ತಲ ಬಾಗಿಲು ತೆರೆಯಿತು. ಭಾಗಾಬಾಯಿ ತಾಮ್ರದ ಕೊಡವನ್ನು ಟೊಂಕದ ಮೇಲಿಟ್ಟುಕೊಂಡು ಬಂದು, ಅದರ ನೀರನ್ನು ಕರಿಬೇವಿನ ಬುಡಕ್ಕೆ ಸುರುವಿದಳು. ಒಳಗೆ ಹೋಗಿ ಇನ್ನೊಂದು ಕೊಡ ತಂದಳು. ಅದನ್ನೂ ಸುರುವಿದಳು. ದಿನ ಬಿಟ್ಟು ದಿನ ನಳ ಬರುವ ಊರು ಇದು. ಇಲ್ಲಿ ಬುದ್ಧಿಯಿದ್ದವರು ಯಾರೂ ಕುಡಿಯುವ ನೀರು ಚೆಲ್ಲುವುದಿಲ್ಲ. ಕೊಡ ಕೆಳಗಿಟ್ಟು ಭಾಗಾಬಾಯಿ ಸೊಂಟದ ಮೇಲೆ ಕೈಯಿಟ್ಟು ಮೇಲಿನ ಟಾಕಿಯನ್ನು ನೋಡುತ್ತ ನಿಂತಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳು. ಕುಮುದಿನಿ ಪರದೆ ಬಿಟ್ಟು ಹಿಂದೆ ಸರಿದಳು. ಆಮ್ಯಾಲ ಮಾಡ್ತೀನಿ ಅಂತ ಹೇಳಿ ಫೋನು ಇಟ್ಟು, ಚಟ್ನಿಯ ಕೈ ತೊಳೆಯುವುದನ್ನೂ ಮರೆತು ಪಕ್ಕದ ಮನೆಯ ಬಾಗಿಲಿಗೆ ಬಂದಳು.

“ಟಾಕ್ಯಾಗ ಇಲಿ ಬಿದ್ದಿಲ್ಲ,” ಅಂದಳು, ಕನ್ನಡದಲ್ಲಿ.

ಭಾಗಾಬಾಯಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು. ಏನೂ ತಿಳಿಯದವಳ ಹಾಗೆ ನಗಬಹುದಿತ್ತು, ಕಾಯ್ ಝಾಲಂ ವಹಿನಿ, ಏನಾಯಿತು ಅಂತ ಕೇಳಬಹುದಿತ್ತು, ಇಷ್ಟು ವರ್ಷ ಮಾಡಿಕೊಂಡು ಬಂದವಳಿಗೆ ಇನ್ನೊಂದು ಸಲ ಏನು ಭಾರ? ಹಾಗೆ ಮಾಡಿಬಿಡಲಿ, ಮನೆಗೆ ಹೋಗಿ ಚಟ್ನಿ ಕುಟ್ಟಿ ಮುಗಿಸುತ್ತೇನೆ ಅಂತ ಕುಮುದಿನಿಗೆ ಒಂದು ಗಳಿಗೆ ಆಸೆಯಾಯಿತು. ಭಾಗಾಬಾಯಿ ಕುರ್ಚಿ ಎಳೆದು ಹಾಕಿದಳು.

“ಕೂಡ್ರಿ ಅಕ್ಕಾರ,” ಅಂದಳು. “ಎಲ್ಡ ಕೊಡ ನೀರ ಚೆಲ್ಲಿಸಿದ್ರಿ.”

ಇದುವರೆಗೆ ಮರಾಠಿಯಲ್ಲಿ ವಹಿನಿ ಅನ್ನುತ್ತಿದ್ದ ಬಾಯಿ. ದನಿ ಕೂಡ ಬೇರೆಯಿತ್ತು, ಅಗಲವಾಗಿತ್ತು, ಮರಾಠಿ ಮಾತಾಡುವಾಗಿನ ಸಾಲೆಯ ಶಿಕ್ಷಕಿಯ ಕಟ್ಟು ಅದರಲ್ಲಿರಲಿಲ್ಲ. ಕುಮುದಿನಿ ಕೂತುಕೊಳ್ಳಲಿಲ್ಲ.

“ಮಂಗಳವೇಢೆ ಅಂತ ಹೇಳಿದ್ರಿ.”

“ನಮ್ಮೂರು ಅಕ್ಕಲಕೋಟದ ಕಡಿ ನಾಗಣಸೂರ್ರಿ. ಹುಟ್ಟಿದ್ದು ಬೆಳದಿದ್ದು ಎಲ್ಲಾ ಕನ್ನಡದಾಗ. ಮೊದಲನೇ ದಿನ ನಿಮ್ಮತ್ತಿ ಊರ ಕೇಳಿದಾಗ ನಾಗಣಸೂರ ಅಂತನ ಹೇಳಾಕ ಬಾಯಿ ತಗದಿದ್ದೆ. ಅಷ್ಟ್ರಾಗ ಅವ್ರು ನಿಮ್ಮ ಕಡಿ ಹೊಳ್ಳಿ, ಜಾತಿ ಏನ ಕೇಳ್ತಿ, ಮಾರಿ ಮ್ಯಾಲನ ಬರದದ, ಕಪ್ಪ ಬ್ಯಾರೆ ಇಡು ಅಂದ್ರು. ನೀವು ಹೂಂ ಅಂದ್ರಿ. ಆಮ್ಯಾಲ ಯಾವ ಬಾಯಿಲೆ ನಾಗಣಸೂರ ಅನ್ಲಿ? ನನಗ ಕನ್ನಡ ತಿಳೀತೈತಿ ಅಂತ ಗೊತ್ತಾಗಿದ್ರ ನೀವು ನಾಚ್ಕಿ ಪಟ್ಟು ನನ್ನ ಕರಿಯೂದ ಬಿಡತಿದ್ರಿ. ಹೊಸಾ ಊರು. ನನಗೂ ಹೋಗಿ ಕುಂದ್ರಾಕ ಒಂದು ಮನಿ ಬೇಕಾಗಿತ್ತು.”

“ಹಂಗಂತ ಫೋನು ಕೇಳೂದೇನು? ಕಳ್ಳರ ಗತೆ? ನಾ ನಿಮ್ಮನ್ನ ತಂಗಿ ಅಂತ ತಿಳದಿದ್ದೆ.”

“ತಪ್ಪ ಐತಿ. ಇಲ್ಲ ಅನ್ನೂದಿಲ್ಲ.” ಭಾಗಾಬಾಯಿ ಮೇಜಿನ ಮೇಲಿದ್ದ ಫೋನನ್ನು ನೋಡಿದಳು. “ಮೊದಲ ಸಲ ಏನೋ ಕೆಲಸಕ್ಕ ಎತ್ತಿದೆ, ಒಳಗ ನಿಮ್ಮಕ್ಕಾರ ದನಿ. ಏನ ಉಂಡಿ ಅಂತ ಎಳದ ಕೇಳ್ತಾರಲ್ರಿ, ನಮ್ಮವ್ವ ಹಂಗನ ಕೇಳ್ತಿದ್ಳು. ಅವ್ವ ಹೋದ ಮ್ಯಾಲ ನನ್ನ ಕೂಡ ಕನ್ನಡ ಆಡಾವ್ರು ಯಾರದಾರ? ಗಂಡಗ ಬರೂದಿಲ್ಲ, ಸಾಲ್ಯಾಗ ನಡಿಯೂದಿಲ್ಲ. ಇಡಬೇಕು ಇಡಬೇಕು ಅಂದ್ಕೋತನ ದಿನಾ ಎತ್ತಿದೆ. ಆದ್ರ ಒಂದ ಮಾತ ಅಕ್ಕಾರ. ಫೋನು ಬರೂಕಿಂತ ಮೊದಲೂ ನಾ ಎಲ್ಲಾ ಕೇಳಸ್ಕೋತನ ಇದ್ದೆ. ನಿಮ್ಮ ಹೊಸ್ತಿಲದಾಗ ಕುಂತು, ನಿಮ್ಮ ಕಣ್ಣಮುಂದ. ಆವಾಗ ಯಾವ ಕಾರ್ಡ್‌ಲೆಸ್ ಇತ್ರಿ?”

ಬಚ್ಚಲಿನ ಬಾಗಿಲು ಹಾಕಿದೆ ಅಂತ ನಂಬಿ ವರ್ಷಗಟ್ಟಲೆ ಮೈ ತೊಳೆದವಳಿಗೆ, ಅದಕ್ಕೆ ಅಗಳಿಯೇ ಇರಲಿಲ್ಲ ಅಂತ ಈಗ ಯಾರೋ ಹೇಳಿದಂತಿತ್ತು. ತಾನು ಏನೇನು ಆಡಿರಬಹುದು? ಭಾಗಾಬಾಯಿಯ ನೌಕರಿ ಕಾಯಂ ಆದ ದಿನ ಅವಳು ಪೇಢೆ ತಂದಿದ್ದಳು. ಇವರಿಗೇನು, ಸರಕಾರ ಕರೆದು ಕೊಡತದ, ನಮ್ಮ ಮಕ್ಕಳು ಹಾದಿ ಕಾಯಬೇಕು ಅಂತ ಪಂಢರಿನಾಥ ಪೇಪರಿನಿಂದ ಕಣ್ಣು ತೆಗೆಯದೆ ಕನ್ನಡದಲ್ಲಿ ಅಂದಿದ್ದ. ಕುಮುದಿನಿ ಅವನಿಗೆ ಹೌದು ಅಂದು, ಇವಳಿಗೆ ಮರಾಠಿಯಲ್ಲಿ ಅಭಿನಂದನೆ ಹೇಳಿ, ಇವತ್ತು ಉಪವಾಸ, ನಾಳೆ ತಿನ್ನುತ್ತೇನೆ ಅಂತ ಪೇಢೆಯನ್ನು ಬದಿಗಿಟ್ಟಿದ್ದಳು. ಮರುದಿನ ಅದು ಭಾಂಡಿ ತಿಕ್ಕುವವಳ ಪಾಲಾಯಿತು. ಎಲ್ಲವನ್ನೂ ಈ ಹೆಂಗಸು ಕೇಳಿಸಿಕೊಂಡು, ನಕ್ಕು, ಕಪ್ಪು ತೊಳೆದಿಟ್ಟು, ಮತ್ತೆ ಮರುದಿನ ಬಂದಿದ್ದಾಳೆ. ಕುಮುದಿನಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ, ಆದರೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. ತನಗೆ ಮೋಸವಾಗಿದೆ. ಮುಖಕ್ಕೆ ಉಗಿದಿದ್ದರೆ, ಜಗಳ ಆಡಿದ್ದರೆ, ಬರುವುದನ್ನು ಬಿಟ್ಟಿದ್ದರೆ ತಾನು ಯಾರು ಅಂತ ತನಗಾದರೂ ಎಂದೋ ತಿಳಿಯುತ್ತಿತ್ತು. ಒಳ್ಳೆಯವಳು ಅಂತ ನಂಬಿಕೊಂಡು ಇಷ್ಟು ವರ್ಷ ಬದುಕಲು ಬಿಟ್ಟಳಲ್ಲ, ಇದಕ್ಕಿಂತ ದೊಡ್ಡ ಸೇಡು ಇದೆಯೇ? ಹಾಗಾದರೆ ಮಗಳ ಸಂಬಂಧ ಮುರಿದದ್ದೂ ಇವಳದೇ ಕೆಲಸ. ಹಾಗೇ ಇರಬೇಕು ಅಂತ ಕುಮುದಿನಿ ಬಯಸಿದಳು. ಹಾಗಿದ್ದರೆ ಲೆಕ್ಕ ಚುಕ್ತಾ ಆಗುತ್ತದೆ.

“ಶಿವಶರಣಪ್ಪನವರಿಗೆ ಹೇಳಿದಾಕಿ ನೀನ!” ಅಂದಳು. ಬಹುವಚನ ಎಲ್ಲಿ ಕಳಚಿಬಿತ್ತೋ ತಿಳಿಯಲಿಲ್ಲ.

ಭಾಗಾಬಾಯಿ ಗೋಡೆಯಲ್ಲಿದ್ದ ಮಾಡದ ಕಡೆ ನೋಡಿದಳು. ಅಲ್ಲಿ ಬುದ್ಧನ ಫೋಟೋದ ಕೆಳಗೆ ಮಾತ್ರೆಯ ಒಂದು ಪಟ್ಟಿ ಇತ್ತು, ಅರ್ಧ ಮುಗಿದದ್ದು, ಪಕ್ಕದಲ್ಲಿ ನೀರಿನ ವಾಟಗ. ಆ ಗುಲಾಬಿ ಮಾತ್ರೆಗಳನ್ನು ಕುಮುದಿನಿ ಸಾವಿರ ಮಾತ್ರೆಗಳ ನಡುವೆ ಗುರುತಿಸಬಲ್ಲಳು. ಹುಡುಗಿ ನೋಡಲು ಬರುವವರ ಹೆಂಗಸರು ಅಡಿಗೆಮನೆ, ಕಪಾಟು ಎಲ್ಲ ಇಣುಕುತ್ತಾರೆ, ಗುಳಿಗಿ ಮನ್ಯಾಗ ಇಡಬ್ಯಾಡ ಅಂತ ಮಗಳಿಗೆ ಹೇಳಿದವಳು ಅವಳೇ. ಎಲ್ಲಿ ಇಟ್ಟಿ ಅಂತ ಆಮೇಲೆ ಕೇಳಿರಲಿಲ್ಲ. ಪೂರ್ವಾ ತಾನು ನೌಕರಿ ಮಾಡುವಲ್ಲಿ ಇಟ್ಟುಕೊಂಡಿರಬೇಕು ಅಂದುಕೊಂಡಿದ್ದಳು.

“ಹೇಳಿದಾಕಿ ಪೂರ್ವಾ,” ಅಂದಳು ಭಾಗಾಬಾಯಿ. “ಇದ ಫೋನಿಲೆ, ರೋಹನಗ. ಅಲ್ಲಿಗೆ ಹೋದ ಮ್ಯಾಲ ಗುಳಿಗಿ ಎಲ್ಲಿ ಮುಚ್ಚಿಡ್ಲಿ ಮಾವಶಿ, ಅಲ್ಲಿ ನಿಮ್ಮಂಥಾ ಬಾಜೂದ ಮನಿ ಇರತೈತೇನು, ಒಂದಿನ ತಪ್ಪಿದ್ರ ಅವ್ರ ಅಂಗಳದಾಗ ಬೀಳ್ತೀನಿ ಅಂದ್ಳು. ಬ್ಯಾಡವಾ, ನಿಮ್ಮವ್ವನ್ನ ಕೇಳು ಅಂತ ನಾ ಹೇಳ್ದೆ ಅಂದ್ರ ಸುಳ್ಳಾಗತೈತಿ. ನಾ ಬ್ಯಾಡ ಅನ್ಲಿಲ್ಲ. ಆ ಹುಡುಗ ಪೂರಾ ಕೇಳಿದ, ಮನ್ಯಾಗ ಮಾತಾಡಿ ಹೇಳ್ತೀನಿ ಅಂದ. ಅವ್ರು ಮಾತಾಡ್ಯಾರ.”

ಕುಮುದಿನಿಗೆ ಕೇಳಲು ಒಂದೇ ಪ್ರಶ್ನೆ ಉಳಿದಿತ್ತು. ಕೇಳಬಾರದು ಅಂತ ಗೊತ್ತಿದ್ದರೂ ಕೇಳಿದಳು. “ಆಕಿ... ನಿಮ್ಮ ಕೂಡ ಮರಾಠಿಯಾಗ ಮಾತಾಡ್ತಾಳ?”

“ಕನ್ನಡದಾಗ್ರಿ. ಸಣ್ಣಾಕಿದ್ದಾಗಿಂದ.”

ಹಾಗಾದರೆ ಹೂವಿನ ಕಪ್ಪಿನ್ಯಾಗ ಹಾಕು ಅಂದಾಗಲೆಲ್ಲ, ಹಾಕುತ್ತಿದ್ದ ಕೈಗೆ ಗೊತ್ತಿತ್ತು. ತಟ್ಟೆ ಹಿಡಿದು ತಂದುಕೊಡುವಾಗ ಮಗಳು ಮತ್ತು ಈ ಹೆಂಗಸು ಒಬ್ಬರನ್ನೊಬ್ಬರು ನೋಡುತ್ತಿದ್ದರೋ, ನೋಡದಿರಲು ನೆಲ ನೋಡುತ್ತಿದ್ದರೋ, ಆ ಹೊತ್ತಿಗೆ ತಾನು ಮರಾಠಿಯಲ್ಲಿ ನಗುತ್ತಿದ್ದಳು. ಅಮ್ಮಾ, ಅವರಿಗೆ ತಿಳಿಯುತ್ತದೆ, ಸುಮ್ಮನಿರು ಅಂತ ಒಂದು ಸಲ, ಒಂದೇ ಸಲ, ಕಿವಿಯಲ್ಲಿ ಹೇಳಲಿಲ್ಲ. ಅನ್ಯರು ಕದ್ದು ಕೇಳಿದ್ದನ್ನು ಹೇಗಾದರೂ ನುಂಗಬಹುದು. ಹೊಟ್ಟೆಯಲ್ಲಿ ಹುಟ್ಟಿದವಳು ತಾಯಿಯನ್ನು ಹೀಗೆ ಬಯಲಲ್ಲಿ ನಿಲ್ಲಿಸಿ ನೋಡಿದ್ದನ್ನು ಎಲ್ಲಿ ನುಂಗುವುದು? ಕನ್ನಡ ಮರೆತಿದ್ದಾಳೆ ಅಂತ ತಾನು ಹಲುಬಿದ್ದು ಯಾರಿಗಾಗಿ? ಅವಳು ಕನ್ನಡವನ್ನು ಮರೆತಿರಲಿಲ್ಲ, ಗೋಡೆಯ ಈಚೆ, ಈ ಮನೆಯಲ್ಲಿ ತಂದು ಇಟ್ಟಿದ್ದಳು, ಮಾತ್ರೆಯನ್ನು ಇಟ್ಟ ಹಾಗೆ.

“ಚಾ ಮಾಡ್ತೀನಿ, ಕೂಡ್ರಿ,” ಅಂದಳು ಭಾಗಾಬಾಯಿ.

“ಬ್ಯಾಡ, ಇವತ್ತ ಉಪವಾಸ...” ಬಾಯಿ ತನ್ನಷ್ಟಕ್ಕೆ ತಾನು ಅಂದುಬಿಟ್ಟಿತು. ಈ ಮನೆಯಲ್ಲಿ ಕೂತಾಗಲೆಲ್ಲ ಅಂದು ಅಂದು ಜಾಡು ಬಿದ್ದ ಮಾತು. ಸೋಮವಾರ, ಗುರುವಾರ, ಸಂಕಷ್ಟಿ, ಏಕಾದಶಿ.

“ಇವತ್ತ ಯಾವ ಉಪವಾಸರಿ, ಅಕ್ಕಾರ?”

ಭಾಗಾಬಾಯಿ ಕೊಂಕಿಲ್ಲದೆ ಕೇಳಿದಳು, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವವಳ ಹಾಗೆ. ಕುಮುದಿನಿಗೆ ಒಂದು ವಾರದ ಹೆಸರೂ ನೆನಪಾಗಲಿಲ್ಲ. ಕೈಯ ಖಾರ ಕಣ್ಣಿಗೆ ಹೇಗೆ ಹತ್ತಿತೋ, ಕಣ್ಣು ಉರಿದು ನೀರು ಸುರಿಯತೊಡಗಿತು. ತಾನು ಅಳುತ್ತಿದ್ದೇನೆ ಅಂತ ಅವಳು ತಿಳಿಯಬಾರದು ಅಂತ ಇನ್ನಷ್ಟು ಒರೆಸಿಕೊಂಡಳು, ಇನ್ನಷ್ಟು ಉರಿಯಿತು. ಭಾಗಾಬಾಯಿ ಮಾಡದಿಂದ ಮಾತ್ರೆಯ ಪಟ್ಟಿ ತೆಗೆದು ಅವಳ ಅಂಗೈಯಲ್ಲಿಟ್ಟಳು. “ಇನ್ನ ಮನ್ಯಾಗ ಇಡಬೌದಲ್ರಿ. ಮುಚ್ಚೂದೇನ ಉಳದೈತಿ?” ಅಂದಳು. ಕುಮುದಿನಿ ಅದನ್ನು ಮುಷ್ಟಿಯಲ್ಲಿ ಹಿಡಿದು ಹೊರಬಿದ್ದಳು.

ಮನೆಯಲ್ಲಿ ಅದನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ದೇವರ ಮಾಡದ ಮುಂದೆ ನಿಂತಳು, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಸಂಜೆ ಪೂರ್ವಾ ಬರುತ್ತಾಳೆ, ಚಪ್ಪಲಿ ಬಿಟ್ಟು, ಹಸಿವಾಗಿದೆ ಅಂತ ಮರಾಠಿಯಲ್ಲಿ ಹೇಳುತ್ತಾಳೆ. ಅವಳನ್ನು ಏನಂತ ಕೇಳುವುದು, ಯಾವ ಮಾತಿನಲ್ಲಿ ಕೇಳುವುದು? ತುಷಾರ ಬಂದು ಸ್ವಿಚ್ಚು ಬದಲಿಸುತ್ತಾನೆ, ಪಂಢರಿನಾಥ ಬಂದು ಇನ್ನು ಚಿಂತೆಯಿಲ್ಲ ಅನ್ನುತ್ತಾನೆ. ಕಿಟಕಿಯ ಕಟ್ಟೆಯ ಮೇಲೆ ಹೂವಿನ ಕಪ್ಪು ನಿನ್ನೆ ತೊಳೆದಿಟ್ಟ ಹಾಗೇ ಬೋರಲು ಬಿದ್ದಿತ್ತು. ಆಗ ಫೋನು ರಿಂಗಣಿಸಿತು. ಮಾತ್ರೆಯ ಮುಷ್ಟಿ ಬಿಚ್ಚದೆ ಎಡಗೈಯಿಂದ ಎತ್ತಿಕೊಂಡಳು.

“ಏನಾತು? ಇಲಿ ತಗದ್ರ್ಯಾ? ಒಮ್ಮೆಲೆ ಇಟ್ಟಬಿಟ್ಟಿ, ನನ್ನ ಜೀವ ಹಾರಿತು,” ಅಕ್ಕ ಕಿರಿಚುತ್ತಿದ್ದಳು. “ಏನ ಉಂಡಿ? ದನಿ ಯಾಕ ಹಂಗದ?”

ಹೇಳಿಕೊಂಡು ಅತ್ತುಬಿಡಬೇಕು ಅನ್ನಿಸಿತು. ಮೋಸವಾಯಿತಕ್ಕಾ, ಗೋಡೆಯ ಆಚೆಯವರಿಂದಲೂ ಆಯಿತು, ಈಚೆಯವರಿಂದಲೂ ಆಯಿತು ಅಂತ, ತನ್ನ ಮಾತಿನಲ್ಲಿ, ತನ್ನವಳ ಮುಂದೆ. ಬಾಯಿ ತೆರೆದಳು. ಆ ಹೊತ್ತಿಗೆ ಸರಿಯಾಗಿ ಲೈನಿನಲ್ಲಿ ಎಣ್ಣೆ ಸಣ್ಣಗೆ ಕಾಯತೊಡಗಿತು. ಇಷ್ಟೆಲ್ಲ ಆದ ಮೇಲೂ. ಕುಮುದಿನಿ ಗೋಡೆಯ ಕಡೆ ನೋಡಿದಳು. ಸುಣ್ಣ ಬಳಿದ ಬರೀ ಗೋಡೆ. ಅದರಾಚೆ ಒಬ್ಬಳು ಅಕ್ಕನ ದನಿಗೆ ಕಿವಿಯೊಡ್ಡಿ ನಿಂತಿದ್ದಾಳೆ. ಬಾಯಿಗೆ ಬಂದಿದ್ದ ಕನ್ನಡ ಅಲ್ಲೇ ನಿಂತಿತು.

“ಕಾಹೀ ನಾಹೀ ಅಕ್ಕಾ,” ಅಂದಳು ಕುಮುದಿನಿ. “ಸಗಳಂ ಠೀಕ ಆಹೇ.” ಏನೂ ಇಲ್ಲ, ಎಲ್ಲ ಸರಿಯಿದೆ ಅಂತ, ಮರಾಠಿಯಲ್ಲಿ.

“ಅಯ್ಯ, ನನ್ನ ಕೂಡ ಮರಾಠಿ ಯಾಕ ಹೊಡಿಲಿಕತ್ತಿ? ಬಾಜೂಕ ಯಾರರೆ ಕುಂತಾರೇನ?”

ಕುಮುದಿನಿ ಮರಾಠಿಯಲ್ಲೇ ಮುಂದುವರಿಸಿದಳು. ಬಿಸಿಲು ಬಹಳ ಆಗಿದೆ ಅಂದಳು, ನಾಳೆ ನಳ ಬರುತ್ತದೆ ಅಂದಳು, ಶೇಂಗಾ ಚಟ್ನಿ ಕುಟ್ಟಿದ್ದೇನೆ, ಯಾರ ಕೈಯಲ್ಲಾದರೂ ಕಳಿಸುತ್ತೇನೆ ಅಂದಳು. ಒಡಹುಟ್ಟಿದವಳ ಕೂಡ ಅಂಗಡಿಯಲ್ಲಿ ಮಾತಾಡಿದ ಹಾಗೆ. ಕಣ್ಣು ಇನ್ನೂ ಉರಿಯುತ್ತಿತ್ತು. ಸದ್ದು ಇನ್ನೂ ಸ್ವಲ್ಪ ಹೊತ್ತು, ಇನ್ನೊಂದು ಮಾತಿಗಾಗಿ ಕಾದಂತೆ, ಹಾಗೇ ಇತ್ತು. ಆಮೇಲೆ ನಿಂತುಬಿಟ್ಟಿತು.

“ಈಗ ನೋಡು,” ಅಕ್ಕ ಹಿಗ್ಗಿನಿಂದ ಅಂದಳು, “ಲೈನು ಎಷ್ಟ ಸ್ವಚ್ಛ ಆತು!”